ಲೋಳೆಸರ: ಒಂದೇ ಎಲೆಯೊಳಗೆ ಎರಡು ರಸ

ಡೊಂಬಿವಲಿ ಪೂರ್ವದಲ್ಲಿರುವ ನಮ್ಮ ಬಿಲ್ಡಿಂಗ್‌ನ ಕೆಳಗೆ ನಿಂತು ಒಮ್ಮೆ ಕತ್ತೆತ್ತಿ ನೋಡಿದರೆ ಸಾಕು. ಅಡುಗೆಮನೆ ಕಿಟಕಿಗಳ ಗ್ರಿಲ್‌ಗಳಲ್ಲಿ ತುಳಸಿ ಮತ್ತು ಕರಿಬೇವು ಬಿಟ್ಟರೆ ಹೆಚ್ಚಾಗಿ ಕಾಣುವುದು ಲೋಳೆಸರ. ಹಳೆಯ ಪೇಂಟ್ ಡಬ್ಬಿ, ಒಡೆದ ಬಕೆಟ್, ಹಿಡಿಕೆ ಮುರಿದ ಮಗ್ಗು, ಯಾವುದರಲ್ಲಿ ನೆಟ್ಟರೂ ಅದು ಬದುಕಿಕೊಳ್ಳುತ್ತದೆ. ಪಕ್ಕದ ಮನೆಯ ಕಾಕೂ ಅದನ್ನು ಕೋರ್ಫಡ್ ಎನ್ನುತ್ತಾರೆ. ನಮ್ಮ ಮಕ್ಕಳಿಗೆ ಅದು ಅಲೋವೆರಾ. ಲೋಳೆಸರ ಎಂಬ ಹೆಸರು ನಮ್ಮ ಮನೆಯಲ್ಲಿ ಉಳಿದಿರುವುದು ಅವ್ವ ಊರಿನಿಂದ ಬಂದಾಗ ಮಾತ್ರ.

ಹಾವೇರಿ ಜಿಲ್ಲೆಯ ನಮ್ಮ ಊರಿನಲ್ಲಿ ಈ ಗಿಡವನ್ನು ಬೇರುಸಮೇತ ಕಿತ್ತು, ದೃಷ್ಟಿ ತಾಗದಿರಲಿ ಎಂದು ಬಾಗಿಲಿಗೆ ತಲೆಕೆಳಗಾಗಿ ಕಟ್ಟುವುದುಂಟು. ಇಲ್ಲಿನ ಅಂಗಡಿಗಳಲ್ಲಿ ನಿಂಬೆ-ಮೆಣಸಿನಕಾಯಿ ಮಾಡುವ ಕೆಲಸವನ್ನು ಅಲ್ಲಿ ಲೋಳೆಸರ ಮಾಡುತ್ತದೆ. ಮಣ್ಣಿಲ್ಲ, ನೀರಿಲ್ಲ, ಆದರೂ ತಿಂಗಳುಗಟ್ಟಲೆ ಹಸಿರಾಗಿಯೇ ನೇತಾಡುತ್ತಿರುತ್ತದೆ. ಬೇರೆ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರ ತೆರೆದು ಉಸಿರಾಡಿದರೆ ಇದು ರಾತ್ರಿ ತಂಪಿನಲ್ಲಿ ತೆರೆದು ಹಗಲು ಮುಚ್ಚಿಕೊಳ್ಳುತ್ತದೆ. ಅರೇಬಿಯಾದ ಒಣಬೆಟ್ಟಗಳಲ್ಲಿ ಹುಟ್ಟಿದ ಗಿಡ ಇದು, ನೀರನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಚಿಕ್ಕವನಿದ್ದಾಗ ನನಗೆ ಅದೊಂದು ಪವಾಡವಾಗಿತ್ತು. ಈಗ ರಬಾಳೆಯ ಒಂದು ಸೌಂದರ್ಯವರ್ಧಕ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಇದೇ ಗಿಡದ ರಸವನ್ನು ಪರೀಕ್ಷಿಸುವುದು ನನ್ನ ಕೆಲಸಗಳಲ್ಲಿ ಒಂದು. ಡೊಂಬಿವಲಿಯಿಂದ ಠಾಣೆ, ಅಲ್ಲಿಂದ ಟ್ರಾನ್ಸ್‌ಹಾರ್ಬರ್ ಲೋಕಲ್ ಹಿಡಿದು ರಬಾಳೆ. ಹತ್ತು ವರ್ಷದಿಂದ ಇದೇ ದಾರಿ.

ಇಷ್ಟೆಲ್ಲ ತಿಳಿದವನ ಮನೆಯಲ್ಲೇ ಕಳೆದ ಬೇಸಿಗೆಯಲ್ಲಿ ಆದದ್ದನ್ನು ಹೇಳಬೇಕು.

ಅವ್ವನಿಗೆ ಅರವತ್ತೆಂಟು. ಬಿಪಿಗೆ ಎರಡು ಗುಳಿಗೆ, ಅದರಲ್ಲಿ ಒಂದು ಮೂತ್ರ ಹೆಚ್ಚಿಸುವಂಥದ್ದು. ಇಲ್ಲಿಗೆ ಬಂದರೆ ಅವಳಿಗೆ ಮಲಬದ್ಧತೆ ಕಟ್ಟಿಟ್ಟ ಬುತ್ತಿ. ನೀರು ಬೇರೆ, ಹೊಲಕ್ಕೆ ಓಡಾಟವಿಲ್ಲ, ಊಟದ ಹೊತ್ತು ಬೇರೆ. ಬೆಳಗಿನ ವಾಕಿಂಗ್‌ನಲ್ಲಿ ಪರಿಚಯವಾದ ಒಬ್ಬ ಹಿರಿಯರು ಗಾರ್ಡನ್ ಗೇಟಿನ ಬಳಿ ರಸ ಮಾರುವವನ ಹತ್ತಿರ ಕರೆದೊಯ್ದು ಲೋಳೆಸರದ ರಸ ಕುಡಿಸಿದರು. ಹೊಟ್ಟೆ ಹಗುರಾಯಿತು. ಮರುದಿನದಿಂದ ಅವ್ವನ ಲೆಕ್ಕ ಸರಳ. ಗ್ರಿಲ್‌ನಲ್ಲಿ ಗಿಡವೇ ಇರುವಾಗ ಹೊರಗೆ ದುಡ್ಡು ಯಾಕೆ ಕೊಡಬೇಕು? ಮುಳ್ಳು ಸವರಿ, ಎಲೆಯನ್ನು ಸಿಪ್ಪೆಸಮೇತ ತುಂಡು ಮಾಡಿ, ಜೀರಿಗೆ-ಉಪ್ಪು ಹಾಕಿ ಮಿಕ್ಸಿಗೆ ಹಾಕಿದಳು. ಆ ಸದ್ದು ನನಗೂ ಕೇಳಿತ್ತು. 'ಏನವ್ವಾ ಅದು?' ಎಂದಿದ್ದಕ್ಕೆ 'ಲೋಳೆಸರ ತಮ್ಮಾ, ಹೊಟ್ಟಿಗೆ ತಂಪು' ಎಂದಳು. ನಾನು ಟಿಫಿನ್ ಡಬ್ಬಿ ಎತ್ತಿಕೊಂಡು ಟ್ರೇನಿಗೆ ಓಡಿದೆ.

ಐದನೇ ದಿನ ಭೇದಿ ನಿಲ್ಲಲಿಲ್ಲ. ಮೀನಖಂಡದಲ್ಲಿ ಸೆಳೆತ, ಎದ್ದು ನಿಲ್ಲಲು ಕಾಲಿನಲ್ಲಿ ಕಸುವಿಲ್ಲ. ಬಚ್ಚಲಲ್ಲಿ ಗೋಡೆ ಹಿಡಿದು ಕುಳಿತಿದ್ದವಳನ್ನು ನನ್ನ ಹೆಂಡತಿ ಮತ್ತು ಪಕ್ಕದ ಮನೆ ಕಾಕೂ ಎತ್ತಿ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ರಕ್ತದಲ್ಲಿ ಪೊಟ್ಯಾಸಿಯಂ 2.8 ಇತ್ತು. 3.5ಕ್ಕಿಂತ ಕೆಳಗಿಳಿದರೆ ಅದು ಕಡಿಮೆ ಎಂದೇ ಲೆಕ್ಕ, ತೀರ ಇಳಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಎರಡು ದಿನ ಡ್ರಿಪ್ ಹಾಕಿದರು. ಯಾವ ಗುಳಿಗೆ, ಏನು ಊಟ, ಹೊರಗಿನ ಪಾನಿಪೂರಿ ತಿಂದಿದ್ದೀರಾ ಎಂದೆಲ್ಲ ಕೇಳಿದರು. ರಸದ ವಿಷಯ ನಮಗೆ ಯಾರಿಗೂ ಹೊಳೆಯಲಿಲ್ಲ. ಅದು ಔಷಧವೂ ಅಲ್ಲ, ಊಟವೂ ಅಲ್ಲ ಅಂತ ತಾನೇ ನಮ್ಮ ಭಾವನೆ. ಡಿಸ್ಚಾರ್ಜ್ ಚೀಟಿ ಬರೆಯುವಾಗ ಅವ್ವನೇ ಕೇಳಿದಳು, ನಾಳೆಯಿಂದ ಕೋರ್ಫಡ್ ರಸ ಮತ್ತೆ ಶುರು ಮಾಡಬಹುದೇ ಅಂತ. ಡಾಕ್ಟರು ಪೆನ್ನು ಕೆಳಗಿಟ್ಟರು. 'ಆಜೀ, ಪಿವಳಾ ಚೀಕ್ ಕಾಢಲಾ ಹೋತಾ ಕಾ?' ಹಳದಿ ಸೊನೆ ತೆಗೆದಿದ್ದಿರಾ ಎಂದು ಕೇಳಿದ್ದರು. ಅವ್ವ ನನ್ನ ಮುಖ ನೋಡಿದಳು. ಆ ಹಳದಿ ಸೊನೆ ಎಷ್ಟಿದೆ ಎಂದು ಅಳೆಯುವುದಕ್ಕೇ ಸಂಬಳ ತೆಗೆದುಕೊಳ್ಳುವವನು ನಾನು.

ಸಿಪ್ಪೆಗೂ ಲೋಳೆಗೂ ನಡುವೆ

ಲೋಳೆಸರದ ಎಲೆಯನ್ನು ಅಡ್ಡಲಾಗಿ ಕೊಯ್ದು ಬೆಳಕಿಗೆ ಹಿಡಿದರೆ ಮೂರು ಪದರ ಕಾಣುತ್ತವೆ. ಹೊರಗೆ ಹಸಿರು ಸಿಪ್ಪೆ. ನಡುವೆ ಬಣ್ಣವಿಲ್ಲದ, ಗಾಜಿನಂಥ ಲೋಳೆ. ಇವೆರಡರ ಮಧ್ಯೆ, ಸಿಪ್ಪೆಗೆ ಅಂಟಿಕೊಂಡಂತೆ, ಸಣ್ಣ ನಾಳಗಳ ಸಾಲು. ಕೊಯ್ದ ಕೂಡಲೇ ಹಳದಿಯಾಗಿ ಜಿನುಗುವ, ನಾಲಿಗೆಗೆ ತಾಗಿದರೆ ಅರ್ಧ ದಿನ ಕಹಿ ಬಿಡದ ಸೊನೆ ಬರುವುದು ಅಲ್ಲಿಂದ. ಒಳಗಿನ ಲೋಳೆಯಲ್ಲಿ ಶೇ 98ಕ್ಕೂ ಹೆಚ್ಚು ನೀರು, ಉಳಿದದ್ದರಲ್ಲಿ ಅಸಿಮ್ಯಾನನ್ ಎಂಬ ಸಕ್ಕರೆ ಸರಪಳಿ ಮುಖ್ಯ. ಹಳದಿ ಸೊನೆಯಲ್ಲಿರುವುದು ಅಲೋಯಿನ್. ಅದು ದೊಡ್ಡಕರುಳನ್ನು ಕೆರಳಿಸಿ ಭೇದಿ ಮಾಡಿಸುವ ವಸ್ತು. ಎರಡೂ ಒಂದೇ ಎಲೆಯಲ್ಲಿ, ಒಂದು ಮಿಲಿಮೀಟರ್ ಅಂತರದಲ್ಲಿ ಇರುತ್ತವೆ. ಗುಣದಲ್ಲಿ ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲ.

ಹಳಬರಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಆಯುರ್ವೇದದಲ್ಲಿ ಗಿಡ ಕುಮಾರಿ, ಅದರ ಸೊನೆಯನ್ನು ಒಣಗಿಸಿದ ಕಪ್ಪು ಗಟ್ಟಿ ಕನ್ಯಾಸಾರ. ಕನ್ನಡದಲ್ಲಿ ಅದಕ್ಕೆ ಕರಿಬೋಳ ಎಂಬ ಬೇರೆಯದೇ ಹೆಸರಿದೆ. ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತಿದ್ದ ಆ ಗಟ್ಟಿಯನ್ನು ವೈದ್ಯರು ತೂಕ ಹಾಕಿ, ಬೇರೆ ಮದ್ದಿನೊಂದಿಗೆ, ಬೇಕಾದವರಿಗೆ ಮಾತ್ರ ಕೊಡುತ್ತಿದ್ದರು. ಮುಟ್ಟು ತರಿಸುವ ರಜಃಪ್ರವರ್ತಿನಿ ವಟಿಯಲ್ಲಿ ಅದು ಇರುತ್ತದೆ. ಬಸುರಿಯರು ಅದನ್ನು ಮುಟ್ಟಬಾರದು ಎನ್ನುವುದು ಅದಕ್ಕೇ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಔಷಧ ಸಸ್ಯಗಳ ಮೊದಲ ಸಂಪುಟ ತಂದಾಗ ಒಣಸೊನೆಗೆ ಒಂದು ಅಧ್ಯಾಯ, ಒಳಲೋಳೆಗೆ ಇನ್ನೊಂದು ಅಧ್ಯಾಯ ಇಟ್ಟಿತು. ಎರಡು ಹೆಸರು ಇದ್ದದ್ದನ್ನು ಒಂದೇ 'ಅಲೋವೆರಾ ಜ್ಯೂಸ್' ಮಾಡಿ ಗ್ಲಾಸಿಗೆ ಸುರಿದವರು ನಾವು, ಈ ಕಾಲದವರು.

ಅಮೆರಿಕದಲ್ಲಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತಿದ್ದ ಭೇದಿ ಗುಳಿಗೆಗಳಲ್ಲಿ ಈ ಸೊನೆ ಇರುತ್ತಿತ್ತು. ಸುರಕ್ಷಿತ ಎನ್ನಲು ಬೇಕಾದ ಪುರಾವೆ ಬರಲಿಲ್ಲವೆಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2002ರಲ್ಲಿ ಅದನ್ನು ತೆಗೆಸಿತು. ಆಮೇಲೆ ಅಲ್ಲಿಯ ಸರ್ಕಾರಿ ಅಧ್ಯಯನವೊಂದರಲ್ಲಿ ಸೊನೆ ತೆಗೆಯದ ಇಡೀ ಎಲೆಯ ಸಾರವನ್ನು ಎರಡು ವರ್ಷ ಕುಡಿಸಿದ ಇಲಿಗಳ ದೊಡ್ಡಕರುಳಿನಲ್ಲಿ ಗಡ್ಡೆಗಳು ಕಂಡವು. ಅದನ್ನು ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇಡೀ ಎಲೆಯ ಸಾರವನ್ನು 'ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆ ಇರುವ' ಪಟ್ಟಿಗೆ, ಅಂದರೆ 2ಬಿ ಗುಂಪಿಗೆ ಸೇರಿಸಿದೆ. ಇದು ಇಲಿಗಳ ಮಾತು, ದೊಡ್ಡ ಪ್ರಮಾಣದ ಮಾತು. ಒಂದು ಗ್ಲಾಸು ಕುಡಿದವರು ಗಾಬರಿಯಾಗಬೇಕಿಲ್ಲ. ತೊಳೆದ ಒಳಲೋಳೆಗೆ ಈ ಪಟ್ಟಿ ಅನ್ವಯಿಸುವುದೂ ಇಲ್ಲ. ಆದರೆ 'ನೈಸರ್ಗಿಕ, ಏನೂ ಆಗಲ್ಲ' ಎಂದು ದಿನಾ ಬೆಳಿಗ್ಗೆ ಸಿಪ್ಪೆಸಮೇತ ಅರೆದು ಕುಡಿಯುವವರು ಸ್ವಲ್ಪ ನಿಲ್ಲಬೇಕು.

ಕಾರ್ಖಾನೆಯಲ್ಲಿ ರಸವನ್ನು ಇದ್ದಿಲಿನ ಮೂಲಕ ಸೋಸಿ ಹಳದಿ ಅಂಶ ತೆಗೆಯುತ್ತಾರೆ. ಕುಡಿಯುವ ಉತ್ಪನ್ನದಲ್ಲಿ ಅಲೋಯಿನ್ 10 ಪಿಪಿಎಂ ಮೀರಬಾರದು ಎಂಬುದು ಲೋಳೆಸರ ಉದ್ಯಮದ ಅಂತರರಾಷ್ಟ್ರೀಯ ಸಂಘಟನೆ ತಾನೇ ಹಾಕಿಕೊಂಡ ಮಿತಿ. ಅಂದರೆ ಒಂದು ಕಿಲೋ ರಸದಲ್ಲಿ 10 ಮಿಲಿಗ್ರಾಂ. ಗಾರ್ಡನ್ ಗೇಟಿನ ಬಳಿ ಮಿಕ್ಸಿ ತಿರುಗಿಸುವವನಿಗೆ ಈ ಲೆಕ್ಕ ಕೇಳಲಾದೀತೇ? ಠಾಣೆಯ ಉಪವನ ಕೆರೆಯಿಂದ ವಾಶಿ, ನೆರುಳದ ವಾಕಿಂಗ್ ಜಾಗಗಳವರೆಗೆ ಬೆಳಿಗ್ಗೆ ಹಾಗಲಕಾಯಿ, ಸೋರೆಕಾಯಿ, ನೆಲ್ಲಿಕಾಯಿ, ಲೋಳೆಸರದ ರಸ ಕುಡಿಯುವವರನ್ನು ನೀವೂ ನೋಡಿದ್ದೀರಿ. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಕಹಿ ಸೋರೆಕಾಯಿ ರಸ ಕುಡಿದು ತೀರಿಕೊಂಡ ಸುದ್ದಿ ಓದಿದ ನೆನಪಿರಬಹುದು. ಆಮೇಲೆ ಐಸಿಎಂಆರ್ ನೇಮಿಸಿದ ತಜ್ಞರ ಸಮಿತಿ ಹೇಳಿದ್ದು ಇಷ್ಟೇ: ಮೊದಲು ತುಸು ರುಚಿ ನೋಡಿ, ಕಹಿಯಿದ್ದರೆ ಚೆಲ್ಲಿ. ಲೋಳೆಸರಕ್ಕೂ ನನ್ನ ಅಳತೆ ಅದೇ. ರಸ ಕಹಿಯಾಗಿದೆ ಎಂದರೆ ಸೊನೆ ಹೋಗಿಲ್ಲ.

ಅವ್ವನ ವಿಷಯದಲ್ಲಿ ಆದದ್ದು ಇಷ್ಟು. ಬಿಪಿ ಗುಳಿಗೆ ಮೂತ್ರದಲ್ಲಿ ಪೊಟ್ಯಾಸಿಯಂ ಹೊರಹಾಕುತ್ತಿತ್ತು, ಸೊನೆ ಭೇದಿಯಲ್ಲಿ ಹೊರಹಾಕಿತು. ಇಂಥ ಗುಳಿಗೆ ನುಂಗುವವರು, ಹೃದಯಕ್ಕೆ ಡಿಗಾಕ್ಸಿನ್ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆ ಇರುವವರು, ಬಸುರಿ-ಬಾಣಂತಿಯರು ಇದನ್ನು ಕುಡಿಯಲೇಬಾರದು. ಸಕ್ಕರೆ ಕಾಯಿಲೆಯ ಗುಳಿಗೆ ಇರುವವರಲ್ಲಿ ಸಕ್ಕರೆ ಇನ್ನಷ್ಟು ಇಳಿಯಬಹುದು, ಅವರು ಡಾಕ್ಟರಿಗೆ ಹೇಳದೆ ಶುರು ಮಾಡಬಾರದು. ಕುಡಿಯುವುದರ ಬಗ್ಗೆ ನನ್ನ ವೈಯಕ್ತಿಕ ಅಭಿಪ್ರಾಯ ಕೇಳಿದರೆ, ಮಲಬದ್ಧತೆಗೆ ಇಸಬಗೋಲು, ಪಪ್ಪಾಯಿ, ಎರಡು ತಂಬಿಗೆ ನೀರು ಸಾಕು.

ಚರ್ಮಕ್ಕೆ ಬಂದರೆ

ಹಚ್ಚುವ ಮಾತು ಬೇರೆ. ಇಲ್ಲಿ ಲೋಳೆಸರಕ್ಕೆ ತಕ್ಕಮಟ್ಟಿಗೆ ಒಳ್ಳೆಯ ಹೆಸರಿದೆ. 1935ರಲ್ಲಿ ಕಾಲಿನ್ಸ್ ಎಂಬ ಹೆಸರಿನ ಇಬ್ಬರು ಅಮೆರಿಕದ ವೈದ್ಯರು, ಎಕ್ಸ್‌ರೇ ಚಿಕಿತ್ಸೆಯಿಂದ ಸುಟ್ಟ ಚರ್ಮಕ್ಕೆ ತಾಜಾ ಎಲೆ ಬಳಸಿದ್ದನ್ನು ವರದಿ ಮಾಡಿದರು. ಆಧುನಿಕ ವೈದ್ಯಲೋಕ ಈ ಗಿಡದತ್ತ ತಿರುಗಿ ನೋಡಿದ್ದು ಅಲ್ಲಿಂದ. ಬಿಸಿಲಿಗೆ ಕೆಂಪಾದ ಚರ್ಮ, ಶೇವಿಂಗ್ ಉರಿ, ಏಪ್ರಿಲ್-ಮೇ ಸೆಕೆಯಲ್ಲಿ ಕಲ್ಯಾಣ ಲೋಕಲ್‌ನಲ್ಲಿ ನಿಂತು ಬಂದವರ ಬೆನ್ನಿನ ಬೆವರುಸಾಲೆ, ಇವಕ್ಕೆ ತಣ್ಣನೆಯ ಲೋಳೆ ಹಚ್ಚಿದರೆ ಹಿತ. ಒಣಚರ್ಮಕ್ಕೂ ಹಚ್ಚಬಹುದು. ಆದರೆ ಲೋಳೆ ಎಂದರೆ ಹೆಚ್ಚಿನಂಶ ನೀರೇ, ಆರಿದ ಮೇಲೆ ಚರ್ಮ ಬಿಗಿಯುತ್ತದೆ. ಅದರ ಮೇಲೆ ನಾಲ್ಕು ಹನಿ ಕೊಬ್ಬರಿ ಎಣ್ಣೆಯೋ ಯಾವುದಾದರೂ ಮಾಯಿಶ್ಚರೈಸರೋ ಸವರಿದರೆ ತೇವ ಉಳಿಯುತ್ತದೆ. ಇಡೀ ದಿನ ಎಸಿ ಆಫೀಸಿನಲ್ಲಿ ಕೂರುವ ಐರೋಲಿ, ಮಹಾಪೆಯ ಐಟಿ ಮಂದಿಗೆ ಇದು ಉಪಯೋಗಕ್ಕೆ ಬರುವ ಮಾತು.

ಸುಟ್ಟಗಾಯದ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ಎಣ್ಣೆ ಸಿಡಿದಾಗ, ಕುಕ್ಕರ್ ಹಬೆ ತಾಗಿದಾಗ ಮೊದಲು ಗ್ರಿಲ್ ಕಡೆ ಓಡಬೇಡಿ, ನಲ್ಲಿ ಕಡೆ ಓಡಿ. ಸಾಧಾರಣ ತಂಪಿನ ಹರಿಯುವ ನೀರಿಗೆ 20 ನಿಮಿಷ ಹಿಡಿಯಬೇಕು. ಐಸ್ ಬೇಡ, ಟೂತ್‌ಪೇಸ್ಟ್ ಬೇಡ, ಶಾಯಿ-ಅರಿಸಿನ ಬೇಡ. ಚರ್ಮ ಬರೀ ಕೆಂಪಾಗಿದ್ದರೆ, ಆಮೇಲೆ ಲೋಳೆ ಹಚ್ಚಬಹುದು. ಗುಳ್ಳೆ ಎದ್ದಿದ್ದರೆ, ಅಂಗೈಗಿಂತ ದೊಡ್ಡದಿದ್ದರೆ, ಮುಖ-ಕೈ-ಸಂದುಗಳಲ್ಲಿ ಆಗಿದ್ದರೆ, ಮಗುವಿಗೆ ಆಗಿದ್ದರೆ ಏನನ್ನೂ ಹಚ್ಚದೆ ಶುಭ್ರ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಹೋಗಿ. ಈ ಭಾಗದವರಿಗೆ ಗೊತ್ತಿರಬೇಕಾದದ್ದು, ಸುಟ್ಟಗಾಯಗಳಿಗೆಂದೇ ಇರುವ ನ್ಯಾಷನಲ್ ಬರ್ನ್ಸ್ ಸೆಂಟರ್ ಐರೋಲಿಯಲ್ಲಿದೆ, ಚರ್ಮದಾನ ಸ್ವೀಕರಿಸುವ ಸ್ಕಿನ್ ಬ್ಯಾಂಕ್ ಕೂಡ ಅಲ್ಲಿದೆ. ಆಳದ ಗಾಯಕ್ಕೆ ಲೋಳೆ ಬಳಿದು ಹೋದರೆ ಅಲ್ಲಿ ಮೊದಲು ಅದನ್ನು ತೊಳೆಯಬೇಕಾಗುತ್ತದೆ, ಆ ನೋವು ರೋಗಿಗೆ.

ತೆರೆದ ಗಾಯ, ಹೊಲಿಗೆ ಹಾಕಿದ ಜಾಗಕ್ಕೂ ಇದೇ ಮಾತು. 1991ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಿಸೇರಿಯನ್ ಮುಂತಾದ ಶಸ್ತ್ರಚಿಕಿತ್ಸೆಯ ನಂತರ ಹೊಲಿಗೆ ಬಿಚ್ಚಿಕೊಂಡ ಹೆಂಗಸರ ಗಾಯ ಮಾಮೂಲಿ ಡ್ರೆಸಿಂಗ್‌ನಲ್ಲಿ ಸರಾಸರಿ 53 ದಿನಕ್ಕೆ ಮಾಯಿತು. ಲೋಳೆಸರದ ಜೆಲ್ ಹಚ್ಚಿದವರಲ್ಲಿ ಅದಕ್ಕೆ 83 ದಿನ ಬೇಕಾಯಿತು. 2012ರ ಕಾಕ್ರೇನ್ ವಿಮರ್ಶೆ ಎಲ್ಲ ಬಗೆಯ ಗಾಯಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ, ಉಪಯೋಗವಿದೆ ಎನ್ನುವಷ್ಟು ಗಟ್ಟಿ ಪುರಾವೆ ಇಲ್ಲ ಎಂದಿತು. ಸೋರಿಯಾಸಿಸ್‌ನ ಕಥೆ ಇನ್ನೂ ತಮಾಷೆ. 1996ರ ಒಂದು ಅಧ್ಯಯನದಲ್ಲಿ ಲೋಳೆಸರದ ಕ್ರೀಮ್ ಹಚ್ಚಿದ 30 ಜನರಲ್ಲಿ 25 ಮಂದಿಗೆ ಗುಣವಾಯಿತು, ಬರೀ ಕ್ರೀಮ್ ಹಚ್ಚಿದ 30ರಲ್ಲಿ ಇಬ್ಬರಿಗೆ ಮಾತ್ರ. 2005ರಲ್ಲಿ ಡೆನ್ಮಾರ್ಕ್‌ನವರು ಬೇರೊಂದು ಜೆಲ್‌ನೊಂದಿಗೆ ನೋಡಿದರೆ ಲೋಳೆಸರವಿಲ್ಲದ ಜೆಲ್ಲೇ ಒಂದು ಕೈ ಮೇಲಾಗಿತ್ತು! ಎರಡರಲ್ಲಿ ಒಂದನ್ನೇ ಹಿಡಿದು ಜಾಹೀರಾತು ಮಾಡುವವರಿಗೆ ಏನು ಹೇಳುವುದು.

ಇಲ್ಲಿನ ಮಳೆಗಾಲ ಅನುಭವಿಸಿದವರಿಗೆ ಗಜಕರ್ಣದ ಪರಿಚಯ ಇದ್ದೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಪ್ಯಾಂಟು, ಒದ್ದೆ ಸಾಕ್ಸ್, ಗಾಳಿಯಾಡದ ಫ್ಲಾಟಿನಲ್ಲಿ ಅರೆಬರೆ ಒಣಗಿದ ಒಳಬಟ್ಟೆ. ತೊಡೆಸಂದಿಯಲ್ಲಿ, ಸೊಂಟದಲ್ಲಿ ದುಂಡಗೆ ಕೆಂಪು ಕಲೆ, ತುರಿಕೆ. ಇದಕ್ಕೆ ಲೋಳೆಸರ ಹಚ್ಚಿದರೆ ಒಂದು ಗಂಟೆ ತಣ್ಣಗಾಗುತ್ತದೆ, ಶಿಲೀಂಧ್ರ ಹೋಗುವುದಿಲ್ಲ. ತುರಿಕೆ ಕಡಿಮೆಯಾಯಿತೆಂದು ವಾರಗಟ್ಟಲೆ ಹಚ್ಚುತ್ತ ಕೂತರೆ ಅಷ್ಟರಲ್ಲಿ ಅದು ಮನೆಮಂದಿಗೆಲ್ಲ ಹಬ್ಬಿರುತ್ತದೆ. ಇನ್ನೂ ಕೆಟ್ಟದ್ದು, ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಮೂರು-ನಾಲ್ಕು ಔಷಧ ಬೆರೆಸಿದ ಟ್ಯೂಬು. ಅದರಲ್ಲಿನ ಸ್ಟೀರಾಯ್ಡ್‌ನಿಂದ ಕೆಂಪು ಎರಡು ದಿನಕ್ಕೆ ಮಾಯವಾಗಿ, ರೋಗ ಒಳಗೇ ಹರಡಿ, ಮುಂದೆ ಸರಿಯಾದ ಔಷಧಕ್ಕೂ ಜಗ್ಗದಂತಾಗುತ್ತದೆ. ದೇಶದಾದ್ಯಂತ ಇದು ಎಷ್ಟು ಕೈಮೀರಿತೆಂದರೆ 2018ರಲ್ಲಿ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ತಂದಿತು. ನಿಯಮ ಇದೆ, ಟ್ಯೂಬು ಈಗಲೂ ಸಿಗುತ್ತದೆ. ಗಜಕರ್ಣಕ್ಕೆ ಚರ್ಮವೈದ್ಯರ ಬಳಿ ಹೋಗಿ, ಹೇಳಿದಷ್ಟು ವಾರ ಪೂರ್ತಿ ಹಚ್ಚಿ, ಬಟ್ಟೆಗೆ ಇಸ್ತ್ರಿ ಹಾಕಿ ತೊಡಿ. ಬೇರೆ ದಾರಿಯಿಲ್ಲ.

ಹಾಗಾದರೆ ಎಲೆ ಕೊಯ್ಯುವುದು ಹೇಗೆ? ಬುಡದ ಹೊರಸುತ್ತಿನ ದಪ್ಪ ಎಲೆ ಆರಿಸಿ. ಮಧ್ಯದ ಎಳೆ ಎಲೆ ಬೇಡ. ಕೊಯ್ದದ್ದನ್ನು ಕತ್ತರಿಸಿದ ಬದಿ ಕೆಳಗಾಗುವಂತೆ ಸ್ಟೀಲ್ ಲೋಟದಲ್ಲಿ ಹದಿನೈದು ನಿಮಿಷ ನಿಲ್ಲಿಸಿ. ಲೋಟದ ತಳದಲ್ಲಿ ಹಳದಿ ಸೊನೆ ಇಳಿದಿರುವುದು ಕಾಣುತ್ತದೆ. ಅದನ್ನು ಚೆಲ್ಲಿ ಎಲೆ ತೊಳೆಯಿರಿ. ಎರಡೂ ಅಂಚಿನ ಮುಳ್ಳು ಸವರಿ, ಸಿಪ್ಪೆಯನ್ನು ಸ್ವಲ್ಪ ದಪ್ಪಕ್ಕೇ ತೆಗೆಯಿರಿ. ಇಲ್ಲಿ ಜಿಪುಣತನ ಬೇಡ, ಸೊನೆ ಇರುವುದು ಅದಕ್ಕೆ ಅಂಟಿಕೊಂಡೇ. ಉಳಿದ ಲೋಳೆಯ ಗಡ್ಡೆಯನ್ನು ಹರಿಯುವ ನೀರಿನಲ್ಲಿ ಇನ್ನೊಮ್ಮೆ ತೊಳೆಯಿರಿ. ಮೊದಲ ಸಲ ಹಚ್ಚುವವರು ಮೊಣಕೈ ಒಳಬದಿಗೆ ಒಂದಿಷ್ಟು ಹಚ್ಚಿ ಒಂದು ದಿನ ಕಾಯಬೇಕು. ಲೋಳೆಸರವೂ ಕೆಲವರಿಗೆ ಅಲರ್ಜಿ ಮಾಡುತ್ತದೆ. ಬೇಕಾದಷ್ಟೇ ಕೊಯ್ಯುವುದು ಒಳ್ಳೆಯದು. ಗಿಡವೇ ಒಳ್ಳೆಯ ಫ್ರಿಜ್.

ಸೊಸೈಟಿ ತೋಟದಲ್ಲಿ ಅಲಂಕಾರಕ್ಕೆ ನೆಟ್ಟ ಕತ್ತಾಳೆಯನ್ನು ಲೋಳೆಸರ ಎಂದು ಕಿತ್ತು ತರುವವರೂ ಇದ್ದಾರೆ. ಮರಾಠಿಯಲ್ಲಿ ಅದು ಘಾಯ್‌ಪಾತ್. ಎಲೆಯ ತುದಿಯಲ್ಲಿ ಸೂಜಿಯಂಥ ಗಟ್ಟಿ ಮುಳ್ಳು, ಒಳಗೆ ಲೋಳೆಯ ಬದಲು ನಾರು. ಅದರ ರಸದಲ್ಲಿನ ಸೂಜಿಯಂಥ ಹರಳುಗಳು ಚರ್ಮಕ್ಕೆ ಚುಚ್ಚಿ ಬೊಬ್ಬೆ ಏಳಿಸುತ್ತವೆ. ಎಲೆ ಮುರಿದಾಗ ಸುಲಭಕ್ಕೆ ತುಂಡಾಗದೆ ನಾರು ಎಳೆದರೆ ಕೈ ಬಿಡಿ.

ಇನ್ನು ಬಾಟಲಿಯ ಜೆಲ್. ಇದರಲ್ಲಿ ನನ್ನ ಅನ್ನವೂ ಇದೆ, ಆದರೂ ಹೇಳುತ್ತೇನೆ. ಲೋಳೆಗೆ ಬಣ್ಣವಿಲ್ಲ. ಬಾಟಲಿಯೊಳಗಿನ ಗಿಳಿಹಸಿರು ಹೊರಗಿನಿಂದ ಹಾಕಿದ ಬಣ್ಣ. ಮುದ್ದೆಯಂತೆ ನಿಲ್ಲುವುದು ಕಾರ್ಬೋಮರ್‌ನಂಥ ಗಟ್ಟಿಕಾರಕದಿಂದ, ನಿಜವಾದ ಲೋಳೆ ಬೆರಳಸಂದಿಯಲ್ಲಿ ಜಾರಿಹೋಗುತ್ತದೆ. ಲೇಬಲ್‌ನ ಹಿಂದೆ ಪದಾರ್ಥಗಳನ್ನು ಹೆಚ್ಚಿರುವುದರಿಂದ ಕಡಿಮೆಯತ್ತ ಬರೆದಿರುತ್ತಾರೆ. 'ಅಲೋ ಬಾರ್ಬಡೆನ್ಸಿಸ್ ಲೀಫ್ ಜ್ಯೂಸ್' ಎಂಬುದು ಮೊದಲೆರಡು ಹೆಸರಿನಲ್ಲಿದ್ದರೆ ಸರಿ. ಸುಗಂಧ, ಬಣ್ಣಗಳ ಜೊತೆ ಬಾಲದಲ್ಲಿದ್ದರೆ ನೀವು ಕೊಂಡದ್ದು ಹೆಸರನ್ನು ಮಾತ್ರ. ಶೇ 99 ಎಂದು ಬರೆದಿದ್ದರೂ ಅದು ಎಲೆಯಿಂದ ನೇರ ತೆಗೆದ ರಸವೇ ಆಗಿರಬೇಕಿಲ್ಲ. ಇನ್ನೂರು ಕಿಲೋ ರಸವನ್ನು ಒಂದು ಕಿಲೋ ಪುಡಿ ಮಾಡಿ ಮಾರುತ್ತಾರೆ, ಆ ಪುಡಿಯನ್ನು ನೀರಿನಲ್ಲಿ ಕರಗಿಸಿ ಮತ್ತೆ 'ರಸ' ಎನ್ನಬಹುದು. 2016ರಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಅಮೆರಿಕದ ದೊಡ್ಡ ಅಂಗಡಿಗಳ ಸ್ವಂತ ಬ್ರ್ಯಾಂಡಿನ ಜೆಲ್‌ಗಳನ್ನು ಪ್ರಯೋಗಾಲಯಕ್ಕೆ ಕಳಿಸಿದಾಗ ಕೆಲವುಗಳಲ್ಲಿ ಲೋಳೆಸರದ ಗುರುತಾದ ಅಸಿಮ್ಯಾನನ್ ಸಿಗಲೇ ಇಲ್ಲ. ಮುಖಕ್ಕೆ ಹಚ್ಚುವವರು ಆಲ್ಕೊಹಾಲ್, ಗಾಢ ಸುಗಂಧ ಇರುವುದನ್ನು ಬಿಡಬೇಕು. ಉರಿಯುವ ಚರ್ಮಕ್ಕೆ ಅದು ಇನ್ನಷ್ಟು ಉರಿ.

ಮಳೆ ಶುರುವಾಯಿತೆಂದರೆ ಕುಂಡವನ್ನು ಗ್ರಿಲ್‌ನ ಹೊರ ಅಂಚಿನಿಂದ ಒಳಗೆಳೆಯಿರಿ. ನಾಲ್ಕು ತಿಂಗಳ ಮಳೆಗೆ ಬುಡ ಕೊಳೆತು, ಒಂದು ದಿನ ಇಡೀ ಗಿಡ ಮೆತ್ತಗೆ ಮಲಗಿಬಿಡುತ್ತದೆ. ನಮ್ಮಲ್ಲಿ ಎರಡು ಸಲ ಹಾಗಾಗಿದೆ. ಡಬ್ಬಿಯ ತಳಕ್ಕೆ ತೂತು, ಮಣ್ಣಿಗೆ ಅರ್ಧದಷ್ಟು ಮರಳು, ಆಮೇಲೆ ಅದನ್ನು ಮರೆತುಬಿಡುವುದು, ಇಷ್ಟೇ ಆರೈಕೆ.

ಅವ್ವ ಈಗ ಊರಲ್ಲಿ ಹುಷಾರಾಗಿದ್ದಾಳೆ. ಮೊನ್ನೆ ಫೋನಿನಲ್ಲಿ ಕೇಳಿದಳು, 'ಆ ಗಿಡಾ ಕಿತ್ತ ಒಗದಿ ಏನ?' ಇಲ್ಲವ್ವಾ, ನಾಲ್ಕು ಮರಿ ಹಾಕಿದೆ ಎಂದೆ. ಒಂದನ್ನು ಕಾಕೂಗೆ ಕೊಟ್ಟಾಗಿದೆ, ಇನ್ನೆರಡು ಮೊಸರಿನ ಡಬ್ಬಿಯಲ್ಲಿ ಕೂತು ಕಲ್ಯಾಣದ ಗೆಳೆಯನ ಮನೆಗೆ ಹೊರಟಿವೆ. 'ಹಂಗಾರ ಒಂದ ಮರಿ ನನಗ ಇಡು' ಎಂದಳು. ಯಾಕೆಂದು ತುಸು ಗಾಬರಿಯಿಂದಲೇ ಕೇಳಿದೆ.

'ಕುಡ್ಯಾಕಲ್ಲೋ ತಮ್ಮಾ, ಬಾಗಲಕ್ಕ ಕಟ್ಟಾಕ.'